ಧಾತ್ರಿಯ ಹೆಜ್ಜೆ ಲೆಕ್ಕ

ಹುಣಸೆಗುಂದಿ,
ಮರುಮಳೆಯ ನಾಲ್ಕನೆಯ ವರ್ಷ, ಸ್ವಾತಿ ಮಳೆಯ ಐದನೆಯ ದಿನ.
ನಿಮ್ಮ ಪಂಚಾಂಗದಂತೆ ಕ್ರಿ.ಶ. ೨೧೭೧, ಅಕ್ಟೋಬರ್ ತಿಂಗಳ ಕೊನೆ.

ಶ್ರೀಮತಿ ಶಾಂಭವಿಯವರಿಗೆ ನೀಲಗಂಗೆಯ ವಂದನೆಗಳು.

ಮೇಲಿನ ತಾರೀಖನ್ನು ನೋಡಿ ಯಾರೋ ತಲೆಕೆಟ್ಟವರ ಕಾಗದವೆಂದು ಇದನ್ನು ಬದಿಗಿಡಬೇಡಿ ಎಂದು ಮೊದಲಿಗೇ ಕೇಳಿಕೊಳ್ಳುತ್ತೇನೆ. ನಿಮಗೂ ನನಗೂ ನಡುವೆ ನೂರ ನಲವತ್ತೈದು ವರ್ಷಗಳಿವೆ. ಇಷ್ಟು ದೂರ ಬರುವಷ್ಟರಲ್ಲಿ ಮಾತು ಒಂದಿಷ್ಟು ಬದಲಾಗದೆ ಇರುವುದಿಲ್ಲ. ಆದ್ದರಿಂದ ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹೆಚ್ಚಾಗಿ ನಿಮ್ಮ ಮಕ್ಕಳು ಬರೆದ ಒಂದೇ ಒಂದು ನೋಟ್‌ಬುಕ್ಕಿನಿಂದ. ನನ್ನ ಬರವಣಿಗೆಯಲ್ಲಿ ಎಲ್ಲಿಯಾದರೂ ಒಂಬತ್ತು ವರ್ಷದ ಹುಡುಗಿಯ ಧಾಟಿ ಕಂಡರೆ ಅದಕ್ಕೆ ನಿಮ್ಮ ಹಿರಿಯ ಮಗಳು ಇಂಚರಳೇ ಹೊಣೆ.

ಯಾವ ಅಂಚೆಯೂ ಹಿಂದಕ್ಕೆ ಹೋಗುವುದಿಲ್ಲವೆಂದು ನನಗೆ ಗೊತ್ತು. ಎಪ್ಪತ್ತೊಂದು ವರ್ಷದವಳು, ಅಷ್ಟೂ ತಿಳಿಯದವಳಲ್ಲ. ಆದರೂ ಬರೆಯದೆ ಇರಲಾರೆ. ನೀವು ನಮ್ಮ ಮನೆಗೆ ಒಂದು ಕಾಗದ ಬರೆದಿದ್ದಿರಿ. ಅದರ ಕೊನೆಯಲ್ಲಿ ಒಂದು ಮಾತು ಕೇಳಿದ್ದಿರಿ. ಅದಕ್ಕೆ ನಮ್ಮ ಮನೆಯಿಂದ ಇಂದಿನವರೆಗೂ ಉತ್ತರ ಹೋಗಿಲ್ಲ. ನಿಮ್ಮ ಕಾಗದ ಬಂದದ್ದು ಹುಣಸೆಗುಂದಿಯ ನೀರುಗಂಟಿಯ ಹೆಂಡತಿ ತಿಪ್ಪಮ್ಮನಿಗೆ. ಕೆರೆಯ ತೂಬನ್ನು ತೆಗೆದು, ಮುಚ್ಚಿ, ಹೊಲಗಳಿಗೆ ನೀರು ಹಂಚುವವನು ನೀರುಗಂಟಿ. ನಾನು ಆ ತಿಪ್ಪಮ್ಮನಿಗೆ ಐದನೆಯ ತಲೆಯವಳು. ಅವಳಿಗೆ ಓದುಬರಹ ಬರುತ್ತಿರಲಿಲ್ಲ, ಅವಳ ಮಗನಿಗೆ ಪುರುಸೊತ್ತಿರಲಿಲ್ಲ, ಆಮೇಲಿನವರಿಗೆ ನಿಮ್ಮ ವಿಳಾಸವೇ ಇಲ್ಲವಾಗಿತ್ತು. ಹೀಗೆ ತಡವಾಯಿತು.

ಮೊದಲು ನಮ್ಮ ಊರಿನ ಸಂಗತಿ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಮರುಮಳೆ ಎಂದರೆ ಮಳೆ ಮತ್ತೆ ಬಂದ ಕಾಲ. ತೊಂಬತ್ತು ವರ್ಷ ನಮ್ಮ ಕೆರೆಯಲ್ಲಿ ನೀರು ನಿಂತಿರಲಿಲ್ಲ. ಬಾಲ್ಯದಲ್ಲಿ ನಾನು ಕೆರೆಯೆಂದರೆ ಆಟದ ಬಯಲು ಎಂದುಕೊಂಡಿದ್ದೆ. ಮೂರು ವರ್ಷದ ಹಿಂದೆ ಹಸ್ತ ಮಳೆ ಎಡೆಬಿಡದೆ ಹನ್ನೊಂದು ದಿನ ಸುರಿದಾಗ ಊರಿನ ಮುದುಕರು ಮನೆಯಿಂದ ಹೊರಗೆ ಬಂದು ಸುಮ್ಮನೆ ನೆನೆಯುತ್ತಾ ನಿಂತರು. ಅಂದಿನಿಂದ ವರ್ಷಗಳನ್ನು ಹೊಸದಾಗಿ ಎಣಿಸುತ್ತಿದ್ದೇವೆ. ಮಳೆ ಬಂದರೂ ಬಿಸಿಲು ಬಿಟ್ಟುಕೊಟ್ಟಿಲ್ಲ. ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಬಾಗಿಲು ಹಾಕಿಕೊಂಡು ಒಳಗಿರಬೇಕು. ಅದಕ್ಕೆ ಮುಚ್ಚುಹೊತ್ತು ಎನ್ನುತ್ತೇವೆ. ಮಕ್ಕಳನ್ನು ದೂರದ ಶಾಲೆಗೆ ಕಳುಹಿಸುವುದು ನನ್ನ ತಾಯಿಯ ಕಾಲದಲ್ಲೇ ನಿಂತುಹೋಯಿತು. ಈಗ ಮನೆಗಳ ಪ್ರತಿ ಸಾಲಿನಲ್ಲಿ ಒಂದು ಮನೆಶಾಲೆ ಇರುತ್ತದೆ. ಐದಾರು ಮಕ್ಕಳು, ಒಬ್ಬಳು ಅಜ್ಜಿ, ಒಂದು ಕರಿಹಲಗೆ, ಮುಚ್ಚುಹೊತ್ತಿನಲ್ಲಿ ಪಾಠ. ನಮ್ಮ ಸಾಲಿನ ಅಜ್ಜಿ ನಾನು. ನೀವು ಮಾಡಿದಂತೆ ಮಕ್ಕಳಿಗೆ ಮನೆಯಲ್ಲೇ ಕಲಿಸುವ, ನಿಮ್ಮಲ್ಲಿ ನಾಲ್ಕು ಜನ ಹುಬ್ಬೇರಿಸುತ್ತಿದ್ದ ಕೆಲಸವನ್ನು ನಾನು ಇಡೀ ಊರಿನ ಒಪ್ಪಿಗೆಯಿಂದ ಮಾಡುತ್ತಿದ್ದೇನೆ. ಇದನ್ನು ನಿಮಗೆ ಹೇಳುವಾಗ ನನಗೆ ಸ್ವಲ್ಪ ಜಂಬವೂ ಇದೆ.

ತಿಂಗಳಿಗೊಮ್ಮೆ ನಡಿಗೆದಿನ. ನಿಮ್ಮ ನೋಟ್‌ಬುಕ್ಕಿನಲ್ಲಿ ಅದಕ್ಕೆ ಫೀಲ್ಡ್ ಟ್ರಿಪ್ ಎಂದು ಬರೆದಿದೆ. ಬೆಳಿಗ್ಗೆ ಐದಕ್ಕೆ ಹೊರಟು ಮುಚ್ಚುಹೊತ್ತಿಗೆ ಮೊದಲೇ ಮನೆ ಸೇರಬೇಕು. ನಾಲ್ಕು ಕೋಲುಗಳಿಗೆ ಬಿಳಿ ಬಟ್ಟೆ ಕಟ್ಟಿ, ನಾಲ್ವರು ದೊಡ್ಡವರು ಹಿಡಿದುಕೊಂಡು, ಅದರ ನೆರಳಿನಲ್ಲಿ ಮಕ್ಕಳನ್ನು ನಡೆಸುತ್ತೇವೆ. ಅದಕ್ಕೆ ನಡೆಚಪ್ಪರವೆಂದು ಹೆಸರು. ದೂರದಿಂದ ನೋಡಿದರೆ ಮದುವೆಯ ಚಪ್ಪರವೊಂದು ಮದುಮಕ್ಕಳನ್ನು ಹುಡುಕಿಕೊಂಡು ಹೊರಟಂತೆ ಇರುತ್ತದೆ. ನಮ್ಮ ನಡಿಗೆದಿನದಲ್ಲಿ ಒಂದು ಕಟ್ಟಳೆಯುಂಟು. ಎಲ್ಲರಿಗಿಂತ ಚಿಕ್ಕವರು ಮುಂದೆ ನಡೆಯಬೇಕು. ಅವರು ನಿಂತರೆ ಎಲ್ಲರೂ ನಿಲ್ಲಬೇಕು. ಅವರನ್ನು ಯಾರೂ ದಾಟುವಂತಿಲ್ಲ, ತಿದ್ದುವಂತಿಲ್ಲ. ಕಲಿಸಿದವರಿಗೆ ಬರೆದದ್ದರ ಒಂದು ಪ್ರತಿ ಕೊಟ್ಟು ಬರಬೇಕು. ಈ ಕಟ್ಟಳೆಯನ್ನು ನಾವು ಮಾಡಿದ್ದಲ್ಲ ಅಮ್ಮ. ಅದು ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 'ನಮ್ಮ ಮನೆಯ ಟ್ರಿಪ್ ನಿಯಮಗಳು' ಎಂದು ಕೆಂಪು ಪೆನ್ನಿನಲ್ಲಿದೆ.

ಆ ನೋಟ್‌ಬುಕ್ ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿದೆ, ನಿಮ್ಮ ಮಕ್ಕಳು ತಿಪ್ಪಮ್ಮನಿಗೆ ಕಳುಹಿಸಿದ ಪ್ರತಿ ಅದು. ರಟ್ಟಿನ ಮೇಲೆ ವಿಮಾನದ ಚಿತ್ರ. ಯುಗಾದಿಯ ಹಿಂದಿನ ದಿನ ನನ್ನ ಅಜ್ಜಿ ಪೆಟ್ಟಿಗೆ ತೆಗೆದು, ಹಳೆಯ ಬೇವಿನೆಲೆ ಕೊಡವಿ, ಹೊಸದನ್ನು ಹಾಸುತ್ತಿದ್ದಳು. ಆ ಒಂದು ಗಳಿಗೆ ನೋಟ್‌ಬುಕ್ ನನ್ನ ತೊಡೆಯ ಮೇಲೆ ಬರುತ್ತಿತ್ತು. ನನಗೆ ಬೇರೆ ಕಥೆಪುಸ್ತಕ ಇರಲಿಲ್ಲವೆಂದಲ್ಲ. ಆದರೆ ಈ ಪುಸ್ತಕದಲ್ಲಿ ಬಸ್ಸು ಇತ್ತು. ಬಸ್ಸಿನ ಟಿಕೆಟ್ಟನ್ನೇ ಅಂಟಿಸಿದ್ದರು. ಅದರ ಅಕ್ಷರವೆಲ್ಲ ಅಳಿಸಿ ಬರೀ ಬೂದು ಬಣ್ಣದ ಚೀಟಿಯಾಗಿತ್ತು, ಆದರೂ ನಾನು ಅದರ ಮೇಲೆ ಬೆರಳಾಡಿಸುತ್ತಿದ್ದೆ. ಅರವತ್ತು ಜನ ಅಪರಿಚಿತರು ಒಂದೇ ಗಾಡಿಯಲ್ಲಿ ಒತ್ತಿಕೊಂಡು ಕುಳಿತು, ಒಬ್ಬರ ಮಗುವನ್ನು ಇನ್ನೊಬ್ಬರು ತೊಡೆಯ ಮೇಲೆ ಕೂರಿಸಿಕೊಂಡು, ನಡುಹಗಲಿನಲ್ಲಿ, ಕಿಟಕಿ ತೆರೆದುಕೊಂಡು ಹೋಗುತ್ತಿದ್ದರಂತೆ. ನಿಮಗೆ ಅದು ಬೇಸರದ ಪ್ರಯಾಣವಾಗಿದ್ದಿರಬಹುದು. ನನಗೆ ಇವತ್ತಿಗೂ ಆ ಕಿಟಕಿಯ ಪಕ್ಕ ಕೂರುವ ಆಸೆ ಹೋಗಿಲ್ಲ.

೨೦೨೬ನೆಯ ಇಸವಿ ಫೆಬ್ರವರಿ ಹತ್ತೊಂಬತ್ತು, ಗುರುವಾರ. ನಿಮಗೆ ಮರೆತಿರಬಹುದು, ನನಗೆ ಬಾಯಿಪಾಠ. ನೀವು ಮೂವರು ಮಕ್ಕಳನ್ನು ಕರೆದುಕೊಂಡು ಬೆಟ್ಟದ ಕೋಟೆ ನೋಡಲು ಹೊರಟಿರಿ. ಇಂಚರಳಿಗೆ ಒಂಬತ್ತು, ಮಿಹಿರನಿಗೆ ಆರು, ಧಾತ್ರಿಗೆ ನಾಲ್ಕು. ಕೋಟೆಯ ಬಗ್ಗೆ ಇಪ್ಪತ್ತು ಪ್ರಶ್ನೆಗಳನ್ನು ನೀವೇ ಬರೆದು ತಂದಿದ್ದಿರಿ. ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ, ಮಿಹಿರನಿಗೆ ಮಾತ್ರ ಬೇರೆಯಾಗಿ ಬಿಸ್ಕತ್ತು. ಹುಣಸೆಗುಂದಿ ಗೇಟಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕಿತ್ತು. ಅದಕ್ಕೆ ನಲವತ್ತು ನಿಮಿಷವಿತ್ತು. ಅಷ್ಟರಲ್ಲಿ ರಸ್ತೆ ದಾಟಿದ ಆಡಿನ ಹಿಂಡೊಂದು ಕೆರೆ ಏರಿಯ ಮೇಲೆ ಹತ್ತಿತು. ಮುಂದೆ ನಡೆಯುವವಳು ಧಾತ್ರಿ. ಅವಳು ಆಡಿನ ಹಿಂದೆ ಹೋದಳು. ನಿಯಮದ ಪ್ರಕಾರ ನೀವೆಲ್ಲರೂ ಅವಳ ಹಿಂದೆ ಹೋದಿರಿ. ಬಸ್ಸು ನಿಮ್ಮನ್ನು ಕಾಯಲಿಲ್ಲ. ಮುಂದಿನ ಬಸ್ಸು ಸಂಜೆ ನಾಲ್ಕಕ್ಕೆ.

ಆಡು ಮೇಯಿಸುತ್ತಿದ್ದವಳು ನಮ್ಮ ತಿಪ್ಪಮ್ಮ. ಇಂಚರ ಅವಳ ಮಾತನ್ನು ಬಾಯಿಂದ ಬಂದ ಹಾಗೆಯೇ ಬರೆದಿಟ್ಟಿದ್ದಾಳೆ, ಅದೂ ನಿಮ್ಮ ನಿಯಮಗಳಲ್ಲಿ ಒಂದು. "ಎಲ್ಲಿಗ್ ಹೊಂಟಿದ್ರವ್ವ ಈ ಮಕ್ಳ ಕಟ್ಕಂಡು?" ಎಂದು ಕೇಳಿದಳಂತೆ. ಕೋಟೆಗೆ ಎಂದು ನೀವು ಹೇಳಿದಿರಿ. "ಕೋಟೆ ಎಲ್ಲೋಯ್ತದೆ, ಅಲ್ಲೇ ಬಿದ್ದಿರ್ತೈತೆ. ನಮ್ ತೂಬು ನೋಡ್ಕಳ್ರಿ. ಬರೋ ವರ್ಸಕ್ಕೆ ಇದೂ ಮಣ್ಣಾಗೋಗ್ತೈತೆ." ಆಮೇಲೆ ತನ್ನ ಗಂಡನ ಸುದ್ದಿ ಹೇಳಿದಳು. "ನಮ್ಮೆಜಮಾನ್ರು ಕಣ್ಮುಚ್ಕಂಡೇ ತೂಬಿಗೋಗೋರು. ಕೋಡಿ ಬಂಡೆತಾವಿಂದ ಹೆಜ್ಜೆ ಎಣಿಸ್ಕಂಡು ಓಗೋದು, ಲೆಕ್ಕ ಮುಗೀತಿದ್ದಂಗೆ ಕಾಲ್ಬುಡದಾಗೆ ತೂಬು." ಎಷ್ಟು ಹೆಜ್ಜೆ ಎಂದು ಮಿಹಿರ ಕೇಳಿದ್ದಕ್ಕೆ, "ಅವ್ರ ಹೆಜ್ಜೆ ಅವ್ರ್ ಜೊತೇಗೇ ಓಯ್ತು ಕಣಪ್ಪ" ಎಂದಳು.

ಆಗ ಧಾತ್ರಿ ತಾನು ಎಣಿಸುತ್ತೇನೆಂದು ಹೊರಟಳು. ಕೋಡಿ ಬಂಡೆಯೆಂದರೆ ಕೆರೆ ತುಂಬಿದಾಗ ನೀರು ಹೊರಗೆ ಹರಿಯುವ ಕಲ್ಲು, ಏರಿಯ ಒಂದು ತುದಿಯಲ್ಲಿದೆ. ಅಲ್ಲಿಂದ ಅವಳು ಏರಿಯ ಮೇಲೆ ಜೋರಾಗಿ ಎಣಿಸುತ್ತಾ ನಡೆದಳು. ಅವಳಿಗೆ ಇಪ್ಪತ್ತರವರೆಗೆ ಮಾತ್ರ ಬರುತ್ತಿತ್ತು. ಇಪ್ಪತ್ತಾದಾಗಲೆಲ್ಲ ಮಿಹಿರ ಒಂದು ಬೆಣಚುಕಲ್ಲನ್ನು ಜೇಬಿಗೆ ಹಾಕಿಕೊಂಡ. ಇಂಚರ ತಿಪ್ಪಮ್ಮನ ಮಾತು ಬರೆದುಕೊಳ್ಳುವುದರಲ್ಲಿ ಮುಳುಗಿದ್ದಳು. ಪುಟದ ಕೊನೆಗೆ ಹೀಗಿದೆ: 'ಕೋಡಿ ಬಂಡೆಯಿಂದ ತೂಬು ೪೨೭ ಹೆಜ್ಜೆ. ೨೧ ಕಲ್ಲು, ಮೇಲೆ ಏಳು. ದಾರಿಯಲ್ಲಿ ಎರಡು ಸಲ ಕುಳಿತಳು. ಕುಳಿತಾಗ ಎಣಿಸಿಲ್ಲ.' ಅದರ ಎದುರಿನ ಪುಟದಲ್ಲಿ ಧಾತ್ರಿ ಬರೆದ ಆಡಿನ ಚಿತ್ರ. ಆಡಿಗೆ ಆರು ಕಾಲಿದೆ. ಕೋಟೆಯ ಪ್ರಶ್ನೆಗಳ ಪುಟ ಪೂರ್ತಿ ಖಾಲಿ.

ಇನ್ನು ಈ ವರ್ಷದ ಕಥೆ. ಮೂರು ವರ್ಷ ಕೆರೆಯಲ್ಲಿ ಸೊಂಟದ ಮಟ್ಟಕ್ಕೆ ನಿಂತು ಇಂಗಿಹೋಗುತ್ತಿದ್ದ ನೀರು ಈ ಸಲ ಮಘೆ ಮಳೆಯಲ್ಲೇ ಏರಿಯ ಅರ್ಧಕ್ಕೆ ಬಂತು. ತೊಂಬತ್ತು ವರ್ಷ ಒಣಗಿ ಬಿರುಕು ಬಿಟ್ಟ ಏರಿ ಅದು. ಅರ್ಧ ಕೆರೆಯನ್ನು ತಡೆದೀತು, ತುಂಬಿದ ಕೆರೆಯನ್ನು ತಡೆಯದು. ಏರಿಯ ಕೆಳಗೆ ಮೂರು ಸಾಲು ಮನೆಗಳಿವೆ. ಹೂಳಿನಲ್ಲಿ ಹೂತುಹೋದ ತೂಬು ಸಿಕ್ಕಿದರೆ ಹೆಚ್ಚಿನ ನೀರನ್ನು ಹೊಲಗಳಿಗೆ ಬಿಡುತ್ತಾ, ಏರಿಯನ್ನು ನಿಧಾನವಾಗಿ ಗಟ್ಟಿ ಮಾಡಿಕೊಳ್ಳಬಹುದು. ಸಿಗದಿದ್ದರೆ ಹಸ್ತ ಮಳೆ ಹುಟ್ಟುವ ಮೊದಲು ಏರಿಯನ್ನು ನಾವೇ ಕಡಿದು ಕೆರೆಯನ್ನು ಖಾಲಿ ಮಾಡಬೇಕು. ಕಡಿದ ಏರಿಯನ್ನು ಮತ್ತೆ ಕಟ್ಟುವ ಶಕ್ತಿ ನಮ್ಮಂಥ ಊರಿಗಿಲ್ಲ. ಊರಿನ ಸಭೆ ಸೇರುವ ಕೂಡುಮನೆಯಲ್ಲಿ ಹೀಗೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವನು ಪಾತಣ್ಣ, ಊರಿನ ಕಟ್ಟೋಣದ ಕೆಲಸವೆಲ್ಲ ಅವನದು. ಅವನು ಕೆಟ್ಟವನಲ್ಲ. ಅವನ ಮಗಳ ಮನೆ ಏರಿಯ ಕೆಳಗಿನ ಮೊದಲ ಸಾಲಿನಲ್ಲಿದೆ.

ಭೂಮಿಯೊಳಗೆ ನೋಡುವ ಯಂತ್ರವನ್ನು ತರಿಸಿದರು. ತೂಬೆಂದರೆ ಎರಡು ಕಲ್ಲುಕಂಬ ಮತ್ತು ಬುಡದಲ್ಲಿ ತೂತಿರುವ ಒಂದು ಚಪ್ಪಡಿ. ನಿಮ್ಮ ಆಮೇಲಿನವರು ಏರಿಯ ಉದ್ದಕ್ಕೂ ಮನೆ ಕೆಡವಿದ ಕಾಂಕ್ರೀಟು, ಹಳೆಯ ಕಂಬ, ಹಾಳುಮೂಳನ್ನೆಲ್ಲ ತಂದು ಸುರಿದಿದ್ದಾರೆ. ಯಂತ್ರ ಎಲ್ಲಿಟ್ಟರೂ ಕಲ್ಲಿದೆ ಎಂದಿತು. ಆಗ ನಾನು ವಿಮಾನದ ರಟ್ಟಿನ ನೋಟ್‌ಬುಕ್ ಹಿಡಿದುಕೊಂಡು ಕೂಡುಮನೆಗೆ ಹೋದೆ. ಕೆಲವರು ನಕ್ಕರು. ಪಾತಣ್ಣ ನಗಲಿಲ್ಲ, ಓದಿದ. ಓದಿ, ದೊಡ್ಡವರ ಹೆಜ್ಜೆಯ ಲೆಕ್ಕ ಹಾಕಿ, ನಾನ್ನೂರ ಇಪ್ಪತ್ತೇಳು ಹೆಜ್ಜೆ ತಾನೇ ನಡೆದು, ಅಲ್ಲಿ ಏರಿಯ ಒಳಮೈಯಲ್ಲಿ ಒಂದು ಗುಂಡಿ ತೋಡಿಸಿದ. ಹೂಳಿನ ಹೊರತು ಏನೂ ಸಿಗಲಿಲ್ಲ. ಅದು ನನ್ನ ತಪ್ಪು. ಯಾರ ಹೆಜ್ಜೆಯೆಂದು ನಾನು ಒತ್ತಿ ಹೇಳಬೇಕಿತ್ತು. ಬರೆದವಳು ಇಂಚರ, ಆದರೆ ನಡೆದವಳು ಎಲ್ಲರಿಗಿಂತ ಚಿಕ್ಕವಳು.

ಮುಂದಿನ ನಡಿಗೆದಿನ ನನ್ನ ಮನೆಶಾಲೆಯ ಆರು ಮಕ್ಕಳನ್ನೂ ಕೆರೆ ಏರಿಗೆ ಕರೆದುಕೊಂಡು ಹೋದೆ. ನಮ್ಮಲ್ಲಿ ಚಿಕ್ಕವಳು ನನ್ನ ಮೊಮ್ಮಗಳು ಹೊನ್ನಿ, ನಾಲ್ಕೂವರೆ ವರ್ಷ. ನಡೆಚಪ್ಪರದ ಕೆಳಗೆ ಅವಳು ಮುಂದೆ, ನಾವೆಲ್ಲ ಹಿಂದೆ. ಹೊನ್ನಿಗೆ ನೂರರವರೆಗೆ ಬರುತ್ತದೆ, ಅದರ ಗರ್ವವೂ ಇದೆ. ಮೂರು ಸಲ ನಡೆಸಿದೆ. ಮೂರು ಸಲವೂ ಒಂದು ಮಾರಿನೊಳಗೆ ಅದೇ ಜಾಗಕ್ಕೆ ಬಂದು ನಿಂತಳು. ನನಗೆ ಎದೆ ತುಂಬಿತು. ಎರಡನೆಯ ಗುಂಡಿ ಅಲ್ಲಿ ತೋಡಿದರು. ಆಳುದ್ದಕ್ಕಿಂತ ಕೆಳಗೆ ಹೋದರು. ಮತ್ತೆ ಹೂಳು, ಮತ್ತೆ ಕಾಂಕ್ರೀಟು. ಪಾತಣ್ಣ ಗುಂಡಿಯ ಅಂಚಿನಲ್ಲಿ ಕುಳಿತು ಕೈಯ ಮಣ್ಣು ಒರೆಸಿಕೊಳ್ಳುತ್ತಾ, "ಅಜ್ಜೀ, ಎರಡು ಗುಂಡಿ ತೋಡಿದ್ದಾತು. ಏರಿ ಹೊಟ್ಟೇನ ಇನ್ನೆಷ್ಟು ಕಡೆ ಬಗೀಲಿ? ನಂಗೂ ಕೆರೆ ಬೇಕು. ಆದ್ರೆ ಮಕ್ಳ ಪುಸ್ತಕ ನಂಬ್ಕಂಡು ಮಕ್ಳನ್ನ ಮುಳುಗ್ಸಾಕಾಗಲ್ಲ" ಎಂದ. ಏರಿ ಕಡಿಯುವ ದಿನ ಗೊತ್ತಾಯಿತು. ಉತ್ತರೆ ಮಳೆಯ ಕೊನೆಯ ಪಾದ, ಹಸ್ತ ಹುಟ್ಟುವ ಮುಂಚೆ.

ಅಂದು ಮುಚ್ಚುಹೊತ್ತಿನಲ್ಲಿ ಪಾಠ ಮಾಡಲು ಮನಸ್ಸಾಗಲಿಲ್ಲ. ಮಕ್ಕಳಿಗೆ ಚಿತ್ರ ಬರೆಯಿರಿ ಎಂದು ಹೇಳಿ ನೋಟ್‌ಬುಕ್ಕನ್ನು ಪೆಟ್ಟಿಗೆಗೆ ಸೇರಿಸಲು ಹೋದೆ. ಮುಚ್ಚಳದ ಒಳಗಿನ ಬಟ್ಟೆಯ ಪದರದಲ್ಲಿ ಇನ್ನೊಂದು ಕಾಗದವಿರುವುದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಕೇಳಿದ್ದೆ. ನನ್ನ ಅಜ್ಜಿ, "ಅದು ಮರ್ಯಾದೆ ಕಾಗ್ದ ಕಣೆ, ಅದ್ರಾಗೇನಿಲ್ಲ" ಎಂದಿದ್ದಳು. ಮಕ್ಕಳ ದುಂಡನೆಯ ಅಕ್ಷರದ ಮುಂದೆ ಅದರ ಕೂಡುಬರಹ ಓದುವ ತಾಳ್ಮೆ ನಮಗ್ಯಾರಿಗೂ ಇರಲಿಲ್ಲ. ಎಪ್ಪತ್ತೊಂದು ವರ್ಷ ಆ ಕಾಗದದ ಪಕ್ಕದಲ್ಲೇ ಬದುಕಿ ಓದದೆ ಇದ್ದೆ. ಅಂದು ಬಿಡಿಸಿ, ಬೆಳಕಿಂಡಿಯ ಕೆಳಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅದು ನೀವು ತಿಪ್ಪಮ್ಮನಿಗೆ ಬರೆದದ್ದು.

ನಿಮ್ಮ ಮಾತನ್ನು ನಿಮಗೇ ಓದಿ ಹೇಳುವುದು ಸರಿಯಲ್ಲ, ಆದರೂ ಹೇಳುತ್ತೇನೆ. 'ಮಕ್ಕಳು ಬರೆದ ನಕಲನ್ನು ನಮ್ಮ ಪದ್ಧತಿಯಂತೆ ಕಳುಹಿಸುತ್ತಿದ್ದೇನೆ' ಎಂದು ಶುರು ಮಾಡಿದ್ದೀರಿ. ಆಮೇಲೆ ಗುರುತಿಲ್ಲದ ಹೆಂಗಸಿಗೆ ಬರೆಯುವಾಗ ಬರುವ ಧೈರ್ಯದಿಂದ ಮನಸ್ಸಿನದೆಲ್ಲ ಬರೆದಿದ್ದೀರಿ. 'ಇದು ನಮ್ಮ ಕೊನೆಯ ಪ್ರವಾಸ. ಜೂನ್‌ನಿಂದ ಮೂವರನ್ನೂ ಶಾಲೆಗೆ ಸೇರಿಸುತ್ತೇವೆ. ಮನೆಯಲ್ಲಿ ಕಲಿಸುವ ಯೋಗ್ಯತೆ ನನಗಿಲ್ಲವೆಂದು ನಮ್ಮ ತಂದೆಯವರು ಹೇಳುತ್ತಿದ್ದರು, ಅವರು ಮೂವತ್ತು ವರ್ಷ ಮೇಷ್ಟರಾಗಿದ್ದವರು, ಈಗ ನನಗೂ ಹಾಗೆಯೇ ಅನ್ನಿಸುತ್ತಿದೆ. ಕೋಟೆಗೆ ಹೊರಟವಳು ಕೋಟೆಯನ್ನು ತೋರಿಸಲಾರದೆ ಹೋದೆ. ಧಾತ್ರಿ ಇನ್ನೂ ಹದಿನಾರನ್ನು ನುಂಗುತ್ತಾಳೆ. ಹದಿನೈದಾದ ಮೇಲೆ ಹದಿನೇಳು. ಎಷ್ಟು ತಿಂಗಳಿಂದ ಹೀಗೆ. ತಾನಾಗಿ ಬರುತ್ತದೆ ಎಂದು ತಿದ್ದದೆ ಬಿಟ್ಟೆ, ಬರಲೇ ಇಲ್ಲ. ನಿಮ್ಮ ಇಡೀ ದಿನ ಹಾಳು ಮಾಡಿದ್ದಕ್ಕೆ ಕ್ಷಮಿಸಿ' ಎಂದು.

ಶಾಂಭವಿಯಮ್ಮ, ನಾನು ಆ ಸಾಲನ್ನು ಎರಡು ಸಲ ಓದಿದೆ. ಆಮೇಲೆ ಗೋಡೆಗೆ ಒರಗಿ ಕುಳಿತೆ. ಇಪ್ಪತ್ತೊಂದು ಕಲ್ಲು. ಒಂದೊಂದು ಕಲ್ಲಿಗೂ ಇಪ್ಪತ್ತು ಹೆಜ್ಜೆಯಲ್ಲ, ಹತ್ತೊಂಬತ್ತು. ಹೊನ್ನಿ ಇಪ್ಪತ್ತೊಂದು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದಳು. ಮಕ್ಕಳನ್ನು ಸರಿಯಾಗಿ ಎಣಿಸಲು ಕಲಿಸಿದ್ದೇ ನಮಗೆ ಎಡವಟ್ಟಾಗಿತ್ತು.

ಸಂಜೆ ನಾಲ್ಕಾಗುತ್ತಲೇ ಕಾಗದ ಹಿಡಿದುಕೊಂಡು ಪಾತಣ್ಣನ ಮನೆಗೆ ಹೋದೆ. ಅವನು ಅದನ್ನು ಓದಿ, "ಈಯಮ್ಮ ತನ್ ಮಗ್ಳು ದಡ್ಡಿ ಅಂತ ಬರ್ದವ್ಳೆ, ನೀನು ಅದ್ನೇ ಅಳತೆಗೋಲು ಅಂತೀಯಲ್ಲಜ್ಜಿ" ಎಂದ. ಹೌದು ಎಂದೆ. "ಮೂರ್ನೇ ಗುಂಡೀಲಿ ಸಿಗದಿದ್ರೆ?" ಎಂದ. ನಾನೇ ಮೊದಲ ಗುದ್ದಲಿ ಹಾಕಿ ಏರಿ ಕಡಿಯುತ್ತೇನೆ ಎಂದೆ. ಮರುದಿನ ಬೆಳಿಗ್ಗೆ ಐದಕ್ಕೆ ಕೆರೆ ಏರಿಗೆ ಊರಿಗೆ ಊರೇ ಬಂದಿತ್ತು. ಹೊನ್ನಿಗೆ ಹದಿನಾರನ್ನು ಬಿಟ್ಟು ಎಣಿಸಲು ಹೇಳಿದೆ. ಅವಳು ಒಪ್ಪಲಿಲ್ಲ. "ಹದಿನೈದಾದ್ಮೇಲೆ ಹದಿನಾರೇ ಬರೋದು, ನೀನೇ ಹೇಳ್ಕೊಟ್ಟಿದ್ದು" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮುಂದೆ ನಡೆಯುವವರನ್ನು ತಿದ್ದುವಂತಿಲ್ಲ. ಕೊನೆಗೆ ನಾನು ಅವಳ ಪಕ್ಕ ಮೊಣಕಾಲೂರಿ, ನಿನ್ನಷ್ಟೇ ವಯಸ್ಸಿನ ಒಬ್ಬಳು ಹುಡುಗಿ ಇದೇ ಏರಿಯ ಮೇಲೆ ಹೀಗೆ ಎಣಿಸಿದಳು, ಅವಳ ಜೊತೆಗೆ ಎಣಿಸುತ್ತೀಯಾ ಎಂದು ಕೇಳಿದೆ. ಅವಳು ಯೋಚಿಸಿದಳು. ಅವಳ ಹೆಸರೇನು ಎಂದಳು. ಹೇಳಿದೆ. ಆಮೇಲೆ ಗಟ್ಟಿಯಾಗಿ, ಹದಿನಾಲ್ಕು, ಹದಿನೈದು, ಹದಿನೇಳು ಎಂದು ನಡೆದಳು.

ಇಪ್ಪತ್ತೊಂದು ಕಲ್ಲು, ಮೇಲೆ ಏಳು. ಎರಡನೆಯ ಗುಂಡಿಯಿಂದ ಎಂಟು ಗಜ ಈಚೆಗೆ ಬಂದು ನಿಂತಳು. ತೋಡಿದರು. ಮುಚ್ಚುಹೊತ್ತು ಬಂದರೂ ಯಾರೂ ಮನೆಗೆ ಹೋಗಲಿಲ್ಲ, ಗುಂಡಿಯ ಮೇಲೆ ನಡೆಚಪ್ಪರ ಹಿಡಿದು ನಿಂತರು. ಆಳುದ್ದ ಇಳಿದ ಮೇಲೆ ಪಾತಣ್ಣನ ಹಾರೆ ಕಲ್ಲಿಗೆ ತಗುಲಿತು. ಕಾಂಕ್ರೀಟಲ್ಲ, ಕಲ್ಲು. ಕೈಯಿಂದ ಹೂಳು ಬಳಿದ. ಉಳಿ ಕೆಲಸದ ಕಂಬದ ತಲೆ, ಅದರಿಂದ ಒಂದು ತೋಳಿನಷ್ಟು ದೂರಕ್ಕೆ ಇನ್ನೊಂದು. ಅವನು ಅಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟ. ಹೊನ್ನಿಯ ಹೆಜ್ಜೆಯೂ ಧಾತ್ರಿಯ ಹೆಜ್ಜೆಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಎಂದು ನಾನು ಹೇಳುವುದಿಲ್ಲ, ಅದರಲ್ಲಿ ಅದೃಷ್ಟವೂ ಸೇರಿದೆ. ಆದರೆ ಇನ್ನೊಂದು ನಾಲ್ಕು ಗಜ ಅತ್ತ ಇತ್ತ ಆಗಿದ್ದರೆ ಇವತ್ತು ನಮಗೆ ಕೆರೆ ಇರುತ್ತಿರಲಿಲ್ಲ.

ತೂಬಿನ ಕಾಲುವೆಯನ್ನು ಬಳಿದು ಶುದ್ಧ ಮಾಡಲು ಒಂಬತ್ತು ದಿನ ಹಿಡಿಯಿತು. ಹಲಸಿನ ಮರದಿಂದ ಹೊಸ ಗೂಟ ಮಾಡಿ ತೂತಿಗೆ ಹಾಕಿದರು. ಚಿತ್ತೆ ಮಳೆಯ ಎರಡನೆಯ ದಿನ ನೀರು ಮುಕ್ಕಾಲಿಗೆ ಬಂದಾಗ ಗೂಟ ಎತ್ತಿದರು. ಮೊದಲು ಕೆಸರು ಬಂತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ನೀರು ಕಾಲುವೆಯಲ್ಲಿ ಓಡುವ ಶಬ್ದವನ್ನು ನಮ್ಮ ಊರಿನಲ್ಲಿ ಬದುಕಿರುವ ಯಾರೂ ಕೇಳಿರಲಿಲ್ಲ. ಮಕ್ಕಳು ಅದರ ಜೊತೆಗೆ ಹೊಲದವರೆಗೂ ಓಡಿದರು. ನಾನು ಏರಿಯ ಮೇಲೆ ನಿಂತು, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಬಂದ ಒಬ್ಬ ತಾಯಿಯನ್ನು ನೆನೆದು ಅತ್ತೆ. ನೀವು ಅಲ್ಲಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ನಿಮ್ಮ ಮಕ್ಕಳು ಆ ಜೂನ್‌ನಲ್ಲಿ ಶಾಲೆಗೆ ಹೋದರೋ ಇಲ್ಲವೋ ನನಗೆ ತಿಳಿಯದು. ಹೋಗಿದ್ದರೂ ಒಳ್ಳೆಯದೇ, ಶಾಲೆಯಲ್ಲಿ ಗೆಳೆಯರು ಸಿಕ್ಕಿರುತ್ತಾರೆ. ನಿಮ್ಮ ತಂದೆಯವರ ಮೇಲೂ ನನಗೆ ಸಿಟ್ಟಿಲ್ಲ. ಧಾತ್ರಿಗೆ ಒಂದಲ್ಲ ಒಂದು ದಿನ ಹದಿನಾರು ಬಂದೇ ಇರುತ್ತದೆ. ಆದರೆ ಆ ಗುರುವಾರ ಹಾಳಾಯಿತೆಂದು ನೀವು ಬರೆದಿದ್ದೀರಿ, ಅದೊಂದನ್ನು ಮಾತ್ರ ನಾನು ಒಪ್ಪಲಾರೆ. ಹಾಳಾಗಿದ್ದರೆ ನಾನು ಈ ಕಾಗದವನ್ನು ನೀರಿನ ಪಕ್ಕ ಕುಳಿತು ಬರೆಯುತ್ತಿರಲಿಲ್ಲ. ತಿದ್ದದೆ ಬಿಟ್ಟಿರಲ್ಲ, ಅದಕ್ಕೆ ಈ ಊರು ನಿಮಗೆ ಕೈಮುಗಿಯುತ್ತದೆ. ನನ್ನದೊಂದು ಕೋರಿಕೆ. ಇನ್ನೊಮ್ಮೆ ಎಲ್ಲಿಗಾದರೂ ಹೊರಟಾಗ ನಡುದಾರಿಯಲ್ಲಿ ಮಗು ನಿಂತರೆ, ಕೈ ಹಿಡಿದು ಎಳೆಯಬೇಡಿ. ಬಸ್ಸು ಹೋದರೆ ಹೋಗಲಿ.

ಕೊನೆಯದಾಗಿ, ನೀವು ಕೇಳಿದ್ದಕ್ಕೆ ಉತ್ತರ. ನಿಮ್ಮ ಕಾಗದದ ಅಡಿಯಲ್ಲಿ, ಸಹಿಯ ಕೆಳಗೆ, ಹೀಗೆ ಬರೆದಿದ್ದೀರಿ: 'ಇದು ತಲುಪಿದರೆ ದಯವಿಟ್ಟು ಒಂದು ಸಾಲು ತಿಳಿಸಿ. ಆಡು ತನ್ನ ಚಿತ್ರ ನೋಡಿತೇ ಎಂದು ಧಾತ್ರಿ ದಿನಾ ಕೇಳುತ್ತಿದ್ದಾಳೆ.'

ತಲುಪಿದೆ ಅಮ್ಮ. ಚಿತ್ರದ ಪುಟಕ್ಕೆ ಬಲಗಡೆಯ ಮೂಲೆ ಇಲ್ಲ, ಆರನೆಯ ಕಾಲು ಅರ್ಧಕ್ಕೇ ನಿಂತಿದೆ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬಂದ ಮಾತಿನ ಪ್ರಕಾರ, ತಿಪ್ಪಮ್ಮ ಅಂಚೆ ಬಂದ ದಿನವೇ ಅದನ್ನು ಆಡಿನ ಮುಂದೆ ಹಿಡಿದು, "ನೋಡೇ, ನಿನ್ನೇ ಬರ್ದವ್ಳೆ" ಎಂದಳಂತೆ. ಆಡು ನೋಡಿತು. ಚೆನ್ನಾಗಿ ನೋಡಿ, ಒಂದು ತುತ್ತು ತಿಂದಿತು. ಧಾತ್ರಿಗೆ ಹೇಳಿ.

ಇತಿ,
ನೀಲಗಂಗೆ
ಮೂರನೆಯ ಸಾಲಿನ ಮನೆಶಾಲೆ, ಹುಣಸೆಗುಂದಿ ಕೆರೆಯ ಕೆಳಗೆ